ನೀರಿನಲ್ಲಿಟ್ಟ ನಗು

ಊರು ತಲುಪುವವರೆಗೆ ಇವನ ಹತ್ತಿರ ತುಟಿ ಪಿಟಕ್ಕೆನ್ನಬಾರದು ಅಂತ ಹಡಗಿನಿಂದ ಇಳಿಯುವಾಗಲೇ ತೀರ್ಮಾನ ಮಾಡಿದ್ದೆ. ಆದರೆ ರೈಲಿನಲ್ಲಿ ನಮ್ಮಿಬ್ಬರದ್ದೂ ಎದುರುಬದುರು ಸೀಟು, ನಡುವೆ ಒಂದು ಪುಟ್ಟ ಮೇಜು. ಕಾಲು ಚಾಚಿದರೆ ಅವನ ಕಾಲು, ತಲೆ ಎತ್ತಿದರೆ ಅವನ ಮುಖ. "ಬೆಟ್ಟ ನೋಡಿ ಬೇಜಾರಾದ್ರೆ ನಿನ್ನನ್ನ ನೋಡ್ಬಹುದು" ಅಂತ ಟಿಕೆಟ್ ಬುಕ್ ಮಾಡುವಾಗ ಅವನೇ ಆರಿಸಿದ್ದ ಸೀಟು. ಆವತ್ತು ನಾನು ನಾಚಿಕೊಂಡಿದ್ದೆ ಬೇರೆ, ಪೆದ್ದಿ!

ರೈಲು ಬಂದರಿನ ಊರನ್ನು ಬಿಟ್ಟು ಬೆಟ್ಟ ಹತ್ತತೊಡಗಿತು. ತಿರುವು ಬಂದಾಗಲೆಲ್ಲ ಸಮುದ್ರ ಒಂದು ಚೂರು ಕಂಡು ಮರೆಯಾಗುತ್ತಿತ್ತು.

"ಕಾಫಿ ತರ್ಲಾ?" ಅಂದ.

ನಾನು ಕಿಟಕಿ ನೋಡಿದೆ.

"ನಿನ್ನ ತರ ಸ್ಟ್ರಾಂಗ್ ಕಾಫಿ, ಸಕ್ಕರೆ ಜಾಸ್ತಿ?"

"ನಿಮಗೆ ಬೇಕಿದ್ರೆ ಕುಡೀರಿ."

ಅವನ ಮುಖ ಸಪ್ಪಗಾಯಿತು. ಪ್ರೀತಿಸಿ ಮದುವೆಯಾದವರು ನಾವು. ಮೊದಲಿನಿಂದಲೂ ನೀನು, ತಾನು, ಕಣೋ, ಕಣೇ. ನನ್ನ ಬಾಯಲ್ಲಿ 'ನೀವು' ಬಂತು ಅಂದರೆ ಮನೆಗೆ ಬೆಂಕಿ ಬಿದ್ದಿದೆ ಅಂತಲೇ ಅರ್ಥ.

"ಅಯ್ಯೋ, ಚಟಾಕಿ ಅಲ್ವೇನ್ರೀ ನೀವು!"

ಪಕ್ಕದ ಸಾಲಿನಿಂದ ಬಂತು ದನಿ. ದಪ್ಪ ಕನ್ನಡಕದ ಹೆಂಗಸು, ರಿಟೈರ್ ಆದ ಹೆಡ್‌ಮಿಸ್ಟ್ರೆಸ್ಸಂತೆ. ಪಕ್ಕದಲ್ಲಿ ಅವರ ಯಜಮಾನರು ಬಾಯಿ ತೆರೆದು ನಿದ್ದೆ ಹೊಡೆಯುತ್ತಿದ್ದರು. ಇಬ್ಬರೂ ನಮ್ಮ ಜೊತೆಗೇ ಹಡಗಿನಲ್ಲಿದ್ದವರು.

"ಹೌದು ಮೇಡಂ, ಅದೇ ಪಾಪಿ," ಅಂತ ಇವನು ಕೈಮುಗಿದ. ನನ್ನ ಗಂಡನ ಅಸಲಿ ಹೆಸರು ಈಗ ಆಧಾರ್ ಕಾರ್ಡ್ ಕೇಳುವ ಬ್ಯಾಂಕಿನವರಿಗೆ ಬಿಟ್ಟರೆ ಯಾರಿಗೂ ಬೇಡ. ಕಂಪನಿಗಳ ವಾರ್ಷಿಕೋತ್ಸವ, ಕ್ಲಬ್ಬು, ಮದುವೆ ರಿಸೆಪ್ಷನ್ನು, ಎಲ್ಲಿ ಮೈಕ್ ಕೊಟ್ಟರೂ ನಗಿಸುತ್ತಾನೆ. ನಗಿಸಿ ನಗಿಸಿ ಚಟಾಕಿ ಅಂತಲೇ ಹೆಸರಾದ. ಹಡಗಿನವರು ಕರೆದದ್ದೂ ಅದಕ್ಕೇ. ವಾರ ಪೂರ್ತಿ ಸಮುದ್ರಯಾನ, ಕೊನೆಯ ಸಂಜೆ ಒಂದು ಷೋ, ಜೊತೆಗೆ ಹೆಂಡತಿ ಫ್ರೀ.

ಹೆಡ್‌ಮಿಸ್ಟ್ರೆಸ್ ನನ್ನ ಕಡೆ ತಿರುಗಿದರು. ಕಣ್ಣು ಕಿರಿದಾಯಿತು, ಆಮೇಲೆ ಅರಳಿತು. "ಇವರೇನಾ? ಹಲ್ಲಿನ ಸೆಟ್ ಮಗಳು!"

ಅವರು ಮನಸಾರೆ ನಕ್ಕರು. ಅದರಲ್ಲಿ ಕೆಟ್ಟದ್ದು ಏನೂ ಇರಲಿಲ್ಲ. ಬೆಳಿಗ್ಗೆ ಹಡಗಿನಲ್ಲಿ ತಿಂಡಿಗೆ ಕೂತು ನಕ್ಕವರಲ್ಲೂ ಇರಲಿಲ್ಲ. ಒಬ್ಬಾತ ನೀರಿನ ಲೋಟ ಎತ್ತಿ, "ಮೇಡಂ, ಇದ್ರಲ್ಲಿ ಯಾರಾದ್ರೂ ಇದ್ದಾರಾ ನೋಡಿ ಕುಡೀಲಾ?" ಅಂದಿದ್ದ. ಇಡೀ ಮೇಜು ಬಿದ್ದು ಬಿದ್ದು ನಕ್ಕಿತ್ತು. ನಾನು ತಟ್ಟೆ ಬಿಟ್ಟು ಎದ್ದು ಬಂದಿದ್ದೆ.

ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಿಮಗೂ ಅರ್ಥವಾಗುವುದಿಲ್ಲ.

ನಾನು ಹಲ್ಲು ಕಟ್ಟುವ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ನಾನು ಮೇಣದಲ್ಲಿ ಒಸಡು ಮಾಡಿ, ಹಲ್ಲು ಕೂರಿಸಿ, ಉಜ್ಜಿ ಹೊಳಪು ಕೊಡುತ್ತೇನೆ. ಯಾರ ಮುಖವನ್ನೂ ನೋಡುವುದಿಲ್ಲ, ಬರೀ ಬಾಯಿ. ನಮ್ಮಪ್ಪನಿಗೆ ಬೇಗ ಹಲ್ಲು ಹೋಗಿತ್ತು. ಆಮೇಲೆ ನಗು ಬಂದರೆ ಕೈ ಅಡ್ಡ ಹಿಡಿಯುತ್ತಿದ್ದರು. ಫೋಟೋಗೆ ನಿಲ್ಲುತ್ತಿರಲಿಲ್ಲ, ನೆಂಟರ ಮನೆಗೆ ಬರುತ್ತಿರಲಿಲ್ಲ. ಕೆಲಸ ಕಲಿತ ಮೇಲೆ ನಾನೇ ಅವರಿಗೊಂದು ಸೆಟ್ ಕಟ್ಟಿಕೊಟ್ಟೆ. ಮುಂದಿನ ಹಲ್ಲೊಂದನ್ನು ಬೇಕಂತಲೇ ಒಂಚೂರು ಓರೆ ಇಟ್ಟೆ, ಅವರ ಹಳೆಯ ಹಲ್ಲು ಹಾಗೇ ಇತ್ತು. ಕನ್ನಡಿ ನೋಡಿಕೊಂಡು, "ಏ ಕೂಸೇ, ಇದು ನಾನೇ ಕಣೇ" ಅಂದರು.

ಆ ಹಲ್ಲು ಹಾಕಿಕೊಂಡು ಅಪ್ಪ ಮೊದಲು ಬಂದ ಸಮಾರಂಭದಲ್ಲೇ ಇವನ ಭಾಷಣ. ಅಪ್ಪ ನಕ್ಕರು ನೋಡಿ! ಕೈ ಅಡ್ಡ ಇಲ್ಲ, ತಲೆ ಹಿಂದಕ್ಕೆ ಚೆಲ್ಲಿ, ಬಾಯಿ ತುಂಬ. ನನಗೆ ಭಾಷಣದ ಒಂದು ಮಾತೂ ಕಿವಿಗೆ ಬೀಳಲಿಲ್ಲ, ಅಪ್ಪನನ್ನೇ ನೋಡುತ್ತಿದ್ದೆ. ಮುಗಿದ ಮೇಲೆ ಸ್ಟೇಜಿನ ಹಿಂದೆ ಹೋಗಿ, "ನಮ್ಮಪ್ಪ ಬಾಯಿ ತೆರೆದು ನಕ್ರು" ಅಂದೆ.

ಇವನು ಗಾಬರಿಯಾದ. "ಸಾರಿ ಮೇಡಂ, ಏನಾದ್ರೂ ಬೇಜಾರಾಗೋ ಮಾತು ಬಂತಾ?"

"ಇಲ್ಲ. ಥ್ಯಾಂಕ್ಸ್ ಹೇಳಕ್ಕೆ ಬಂದೆ."

"ಹಾಗಾದ್ರೆ ಅಳ್ತಿರೋದ್ಯಾಕೆ?"

ನಾನು ಅಳುತ್ತಿದ್ದೆ ಅಂತ ನನಗೇ ಗೊತ್ತಿರಲಿಲ್ಲ. ಇವನು ಜೇಬು ತಡಕಿ ಕರ್ಚೀಫು ಸಿಗದೆ, ತನಗೆ ಹೊದಿಸಿದ್ದ ಸನ್ಮಾನದ ಶಾಲನ್ನೇ ಕೊಟ್ಟ. ಕಣ್ಣು ಒರೆಸಿಕೊಂಡು ತಲೆ ಎತ್ತಿದರೆ, ಜೋಕು ಮಾಡದೆ ಸುಮ್ಮನೆ ನನ್ನನ್ನೇ ನೋಡುತ್ತಿದ್ದ. ಆ ನೋಟಕ್ಕೆ ಬಿದ್ದವಳು ನಾನು, ಮತ್ತೆ ಏಳಲಿಲ್ಲ.

ಮದುವೆಯಾದ ಮೇಲೆ ನಮ್ಮ ಮನೆಯಲ್ಲಿ ಒಂದು ಪದ್ಧತಿ ಆಯಿತು. ಯಾವ ಹೊಸ ಜೋಕೇ ಆಗಲಿ ಮೊದಲು ನನ್ನ ಮುಂದೆ. ಮೈಕಿನ ಹಾಗೆ ಸೌಟು ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಲ್ಲುತ್ತಿದ್ದ. ನಾನು ನಕ್ಕರೆ ಪಾಸು, ಮುಗುಳ್ನಕ್ಕರೆ ಗ್ರೇಸ್ ಮಾರ್ಕ್ಸು, ಇಲ್ಲವಾದರೆ ಫೇಲು. ನನ್ನಲ್ಲಿ ಪಾಸಾಗದ್ದು ಸ್ಟೇಜಿಗೆ ಹೋಗುತ್ತಿರಲಿಲ್ಲ. "ನೀನು ನಕ್ಕಿದ್ದು ಯಾವತ್ತೂ ಫ್ಲಾಪ್ ಆಗಿಲ್ಲ ಕಣೇ," ಅನ್ನುತ್ತಿದ್ದ.

ಅಪ್ಪ ತೀರಿಕೊಂಡಾಗ ಆಸ್ಪತ್ರೆಯವರು ಆ ಸೆಟ್ಟನ್ನು ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ನನ್ನ ಕೈಗೆ ಕೊಟ್ಟರು. ನನಗೆ ಎಸೆಯಲಾಗಲಿಲ್ಲ. ಒಣಗಿದರೆ ಆ ಹಲ್ಲಿನ ಆಕಾರ ಕೆಡುತ್ತದೆ, ನೀರಿನಲ್ಲೇ ಇಡಬೇಕು. ಕಪಾಟಿನೊಳಗೆ ಗಾಜಿನ ಬಟ್ಟಲಲ್ಲಿಟ್ಟು, ಇವನು ಇಲ್ಲದ ಹೊತ್ತು ನೋಡಿ ನೀರು ಬದಲಾಯಿಸುತ್ತಿದ್ದೆ. ತಲೆಕೆಟ್ಟವಳು ಅಂದುಕೊಂಡಾರು ಅಂತ ಯಾರಿಗೂ ಹೇಳಿರಲಿಲ್ಲ. ಒಂದು ಸಂಜೆ ಕರೆಂಟು ಹೋಗಿತ್ತು. ಇವನ ಹೆಗಲಿಗೆ ಒರಗಿ ಕೂತಿದ್ದೆ. ಹೇಳಿಬಿಟ್ಟೆ. ನೀರು ಬದಲಾಯಿಸುವಾಗ "ಅಪ್ಪಾ, ಊಟ ಆಯ್ತಾ?" ಅಂತ ಕೇಳುತ್ತೇನೆ ಅನ್ನುವುದನ್ನೂ ಹೇಳಿದೆ. ಅವನ ಕಣ್ಣೀರು ನನ್ನ ಹಣೆ ಮೇಲೆ ಬಿತ್ತು. "ನಾಳೆಯಿಂದ ನೀರು ನಾನು ಹಾಕ್ತೀನಿ," ಅಂದ. ಹಾಕಿದ ಕೂಡ. ಇಂಥ ಗಂಡ ಯಾರಿಗೆ ಸಿಗುತ್ತಾನೆ ಅಂತ ಎಷ್ಟು ಬೀಗಿದ್ದೆ!

ಅದನ್ನು ಇವನು ನಿನ್ನೆ ಸಂಜೆ ಹಡಗಿನ ಸ್ಟೇಜಿನ ಮೇಲೆ ಹೇಳಿದ.

ಮುಂದಿನ ಸಾಲಿನಲ್ಲಿ ಹೊಸ ಸೀರೆ ಉಟ್ಟು ಕೂತಿದ್ದೆ. ಮೊದಲು ನನಗೆ ತಿಳಿಯಲೇ ಇಲ್ಲ. ಯಾರದೋ ಮನೆಯ ಕಥೆ ಅಂತ ನಗಲು ಸಜ್ಜಾಗಿದ್ದೆ. "ಊಟ ಆಯ್ತಾ" ಅನ್ನುವ ಮಾತು ಬಂದಾಗ ಕಿವಿ ನೆಟ್ಟಗಾಯಿತು. ಸುತ್ತ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾರೆ. "ಅಲ್ಲೇ ಕೂತಿದ್ದಾಳೆ ನೋಡಿ, ನನ್ನ ಧರ್ಮಪತ್ನಿ" ಅಂತ ಕೈ ತೋರಿಸಿದ. ಲೈಟು ನನ್ನ ಮುಖಕ್ಕೆ ತಿರುಗಿತು. ನಾನು ಏನು ಮಾಡಿದೆ ಗೊತ್ತಾ? ಹಲ್ಲು ಕಿರಿದೆ. ಅಷ್ಟು ಜನರ ಎದುರು ಇನ್ನೇನು ಮಾಡಲಿ?

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರು ಕೊಡುವುದು?

ರೈಲು ಸುರಂಗದೊಳಗೆ ನುಗ್ಗಿತು. ಕಿಟಕಿಯ ಗಾಜಿನಲ್ಲಿ ಈಗ ಬೆಟ್ಟ ಇಲ್ಲ, ನಾವಿಬ್ಬರೇ. ಅವನು ಗಾಜಿನಲ್ಲಿ ನನ್ನನ್ನು ನೋಡುತ್ತಿದ್ದ. ನಾನು ನೋಡಿದ ಕೂಡಲೇ ಕಣ್ಣು ತಗ್ಗಿಸಿದ. ಮತ್ತೆ ಕಳ್ಳನ ಹಾಗೆ ಎತ್ತಿದ. ಗಡ್ಡ ಬೋಳಿಸಿರಲಿಲ್ಲ, ಅಂಗಿಯ ಗುಂಡಿ ಒಂದು ಮನೆ ತಪ್ಪಿತ್ತು. ಸರಿ ಮಾಡಲು ನನ್ನ ಬೆರಳು ತುರಿಸಿತು. ಥೂ, ಈ ಕೈಗೆ ಮಾನ ಮರ್ಯಾದೆ ಇಲ್ಲ.

"ಒಂದು ಮಾತು ಹೇಳ್ಲಾ?" ಮೆಲ್ಲಗೆ ಅಂದ. "ನಿನ್ನೆ ಜನ ನಗ್ತಾನೇ ಇರ್ಲಿಲ್ಲ ಕಣೇ. ಒಂದರ ಹಿಂದೆ ಒಂದು ಫ್ಲಾಪು. ಬೆವರು ಕಿತ್ತು ಬರ್ತಿತ್ತು. ಬಾಯಿ ಜಾರಿಬಿಡ್ತು. ಯೋಚನೆ ಮಾಡಿ ಹೇಳಿದ್ದಲ್ಲ, ನಿನ್ನಾಣೆ."

"ಕೈ ತೋರಿಸಿದ್ದೂ ಜಾರಿಯೇನು?"

"ಅದೂ ಆ ಭಂಡತನದಲ್ಲೇ ಆಗ್ಹೋಯ್ತು. ಹೊಡಿ ಬೇಕಾದ್ರೆ. ಬೈ. ಈ ನೀವು-ಗೀವು ಮಾತ್ರ ಬೇಡ ಕಣೇ, ನನ್ನ ಕೈಲಿ ತಡ್ಕೊಳಕ್ಕಾಗಲ್ಲ."

ಮೇಜಿನ ಮೇಲೆ ಅವನ ಕೈ ನಿಧಾನಕ್ಕೆ ಬಂತು. ಕಿರುಬೆರಳು ನನ್ನ ಕಿರುಬೆರಳಿಗೆ ತಾಗಿ ಅಲ್ಲೇ ನಿಂತಿತು, ಅನುಮತಿ ಕೇಳುವ ಹಾಗೆ. ನಾನು ಕೈ ಎಳೆದುಕೊಳ್ಳಲಿಲ್ಲ. ಬಾಯಿ ಜಾರುವುದು ಮನುಷ್ಯರಿಗೆ ಅಲ್ಲವೇ? ಮಾತೇ ಅನ್ನವಾದವನಿಗೆ ಒಮ್ಮೆ ಜಾರಿರಬಹುದು. ಹೊಟ್ಟೆಗೆ ಹಾಕಿಕೊಳ್ಳಬೇಕು ಅನ್ನಿಸಿತು. ನಿಜ ಹೇಳುತ್ತೇನೆ, ಆ ಸುರಂಗ ಮುಗಿಯುವಷ್ಟರಲ್ಲಿ ನಾನು ಮುಕ್ಕಾಲು ಪಾಲು ಕ್ಷಮಿಸಿಬಿಟ್ಟಿದ್ದೆ.

"ಗುಂಡಿ ನೋಡ್ಕೋ," ಅಂದೆ.

ಅವನು ಅಂಗಿ ನೋಡಿಕೊಂಡು ಮಗುವಿನಂತೆ ನಕ್ಕ. "ನೀನೇ ಹಾಕು."

"ಕೊಬ್ಬು ನೋಡು!"

ಬೆಳಕು ಬಂತು. ಕೆಳಗೆ ಕಣಿವೆ, ಎದುರು ಬೆಟ್ಟದ ನೆತ್ತಿಯಲ್ಲಿ ಮೋಡ. ನಾನು ಗುಂಡಿಗೆ ಕೈ ಹಾಕಿದ್ದೇನೆ, ಅವನು ಉಸಿರು ಬಿಗಿಹಿಡಿದು ನನ್ನ ಹಣೆಯನ್ನೇ ನೋಡುತ್ತಿದ್ದಾನೆ. ಆಗ ಹೆಡ್‌ಮಿಸ್ಟ್ರೆಸ್ ಬಿಸ್ಕತ್ತಿನ ಪೊಟ್ಟಣ ಚಾಚಿದರು.

"ಜೋಡಿ ಚೆನ್ನಾಗಿದೆ ಕಣ್ರಮ್ಮ. ತಗೊಳ್ಳಿ. ಅಲ್ಲಾ ಚಟಾಕಿ ಅವ್ರೇ, ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಹಡಗಲ್ಲಿ ಆ ಹಲ್ಲಿನ ಸೆಟ್ ಐಟಂ ಸ್ವಲ್ಪ ಮೊಟಕಾಯ್ತು. ನಮ್ಮ ಕ್ಲಬ್ಬಿನ ವಾರ್ಷಿಕೋತ್ಸವದಲ್ಲಿ ಮಾಡಿದ್ರಲ್ಲ, ಮಾವನ ದನೀಲಿ? ಅದು ಫಸ್ಟ್ ಕ್ಲಾಸ್! ನಮ್ಮ ಯಜಮಾನ್ರು ನಕ್ಕೂ ನಕ್ಕೂ ಕೆಮ್ಮು ಹತ್ತಿ, ನಾನು ಬೆನ್ನು ತಟ್ಬೇಕಾಯ್ತು."

ನನ್ನ ಬೆರಳು ಗುಂಡಿಯ ಮೇಲೇ ನಿಂತಿತು.

"ಯಾವಾಗ ಮೇಡಂ ಅದು?" ಅಂತ ಕೇಳಿದೆ. ನನ್ನ ದನಿ ನನಗೇ ಬೇರೆಯವರದ್ದು ಅನ್ನಿಸಿತು.

"ಚಳಿಗಾಲದಲ್ಲಿ ಕಣ್ರೀ. ಎಲ್ಲರೂ ಸ್ವೆಟರ್ ಹಾಕ್ಕೊಂಡು ಕೂತಿದ್ವಿ."

ಈಗ ಬೇಸಗೆ.

ಇವನ ಮುಖ ನೋಡಿದೆ. ಇಂಗು ತಿಂದ ಮಂಗನ ಹಾಗಾಗಿತ್ತು. ಗುಂಡಿಯಿಂದ ಕೈ ತೆಗೆದೆ. ಎದ್ದು ಬೋಗಿಯ ಕೊನೆಗೆ ನಡೆದೆ.

ಬೆಟ್ಟದ ಮೇಲಿನ ಒಂದು ಪುಟ್ಟ ಸ್ಟೇಷನ್ನಿನಲ್ಲಿ ರೈಲು ನಿಂತಿತ್ತು, ಎದುರಿನಿಂದ ಬರುವ ಗಾಡಿಗೆ ದಾರಿ ಕೊಡಲು. ಕೆಳಗಿಳಿದೆ. ಒಂದು ಬೆಂಚು, ಒಂದು ನಲ್ಲಿ, ಕೈಗೆ ಎಟಕುವಂತೆ ಮಂಜು. ಹಿಂದಿನಿಂದ ಇವನ ಚಪ್ಪಲಿ ಸದ್ದು.

"ಎಷ್ಟು ಸಲ ಹೇಳಿದ್ದೀಯ?"

"ಅದು... ಹಾಗಲ್ಲ..."

"ಎಷ್ಟು ಸಲ?"

"ಲೆಕ್ಕ ಇಟ್ಟಿಲ್ಲ ಕಣೇ."

ಬೆಂಚಿನ ಮೇಲೆ ಕೂತುಬಿಟ್ಟೆ. ಜಾರಿದ ಬಾಯಲ್ಲ ಇದು. ಊರೂರಲ್ಲಿ ತಿದ್ದಿ ತೀಡಿ, ಎಲ್ಲಿ ನಿಲ್ಲಿಸಬೇಕು, ಎಲ್ಲಿ ದನಿ ಎಳೆಯಬೇಕು ಅಂತ ಹದ ಮಾಡಿದ್ದು. ನಾನು ಮನೆಯಲ್ಲಿ ಬಾಗಿಲು ಕಾಯುತ್ತ, ಇವನ ಊಟ ಬಿಸಿ ಮಾಡುತ್ತ ಇರುವಾಗ ಅಪ್ಪ ಎಷ್ಟು ಸ್ಟೇಜು ಹತ್ತಿಳಿದರೋ!

"ಕತ್ತೆ ಮೇಲಿನ ಜೋಕಿಂದ ಹಿಡಿದು ಕಮಿಷನರ್ ಮೇಲಿನ ಜೋಕಿನ ತನಕ ಎಲ್ಲಾ ಮೊದಲು ನನಗೇ ಹೇಳಿದ್ದೀಯ," ಅಂದೆ. "ಇದೊಂದನ್ನ ಯಾಕೆ ಹೇಳ್ಲಿಲ್ಲ?"

ಅವನು ನಲ್ಲಿಯ ಕಡೆ ತಿರುಗಿದ. ನಾನು ಫೇಲು ಮಾಡುತ್ತೇನೆ ಅಂತ ಅವನಿಗೆ ಗೊತ್ತಿತ್ತು.

"ಸರಿ, ಈಗ ಹೇಳು."

"ಏನು?"

"ಆ ಐಟಂ. ಕ್ಲಬ್ಬಲ್ಲಿ ಹೇಳಿದ ಹಾಗೆ, ದನಿ ಸಮೇತ. ಊರಿಗೆಲ್ಲ ಹೇಳಿದ್ದೀಯ, ಹೆಂಡತಿಗೂ ಹೇಳು."

"ಬೇಡ ಕಣೇ. ಕಾಲಿಗೆ ಬೀಳ್ತೀನಿ."

"ಹೇಳು ಅಂದ್ನಲ್ಲ!"

ನಿಂತ. ಕೈ ಎಲ್ಲಿಡಬೇಕು ಅಂತ ಗೊತ್ತಾಗಲಿಲ್ಲ ಅವನಿಗೆ, ಮೈಕಿಲ್ಲದ ಕೈ. ಗಂಟಲು ಸರಿಮಾಡಿಕೊಂಡ. "ನಮ್ಮ ಮಾವ ಹೋಗಿ ವರ್ಷ ಆಯ್ತು ಸ್ವಾಮಿ, ಆದ್ರೆ ನಗೋದು ಮಾತ್ರ ಬಿಟ್ಟಿಲ್ಲ..." ದನಿ ನಡುಗುತ್ತಿತ್ತು. ಎರಡನೆಯ ಸಾಲಿಗೆ ನಡುಕ ಕಡಿಮೆಯಾಯಿತು. ಮೂರನೆಯ ಸಾಲಿಗೆ ಭುಜ ನೆಟ್ಟಗಾಯಿತು. "ಎಲ್ಲರ ಮನೇಲೂ ಜಗಳ ಆದ್ರೆ ಹೆಂಡ್ತಿ ತವರಿಗೆ ಹೋಗ್ತಾಳೆ. ನನ್ನವಳಿಗೆ ಬಸ್ ಚಾರ್ಜೂ ಉಳೀತು, ಕಪಾಟು ತೆಗೀತಾಳೆ, ತವರುಮನೆಯೇ ಬಟ್ಟಲಲ್ಲಿ ಕೂತಿದೆ! 'ಅಪ್ಪಾ, ಊಟ ಆಯ್ತಾ?' ಅಂತಾಳೆ. ಅದಕ್ಕೆ ಮಾವ..."

ಇಲ್ಲಿ ಅವನು ಕೆಳತುಟಿ ಮುಂದೆ ಮಾಡಿ, ಅಪ್ಪನ ದನಿಯಲ್ಲಿ ಹೇಳಿದ: "ಏ ಕೂಸೇ, ಹಲ್ಲು ಇಲ್ಲಿದೆ, ಹೊಟ್ಟೆ ಅಲ್ಲಿದೆ, ಎಲ್ಲಿಂದ ಉಣ್ಣಲೇ?"

ನಕ್ಕುಬಿಟ್ಟೆ.

ಅಪ್ಪ ಹಾಗೇ ಹೇಳುತ್ತಿದ್ದರು. ಆ 'ಏ ಕೂಸೇ' ಅನ್ನುವುದನ್ನು ನಾನು ಕೇಳಿ ಎಷ್ಟು ಕಾಲವಾಗಿತ್ತು! ನಗು ಹೊಟ್ಟೆಯಿಂದ ಎದ್ದು ಬಂತು, ತಡೆಯಲಾಗಲಿಲ್ಲ. ನಗುತ್ತ ನಗುತ್ತಲೇ ಅದು ಅಳುವಾಯಿತು. ಸೆರಗು ಬಾಯಿಗೆ ಒತ್ತಿಕೊಂಡೆ.

ಅವನ ಮುಖದಲ್ಲಿ ದೀಪ ಹೊತ್ತಿತು. "ನಕ್ಕೆ! ಪಾಸು!" ಅಂದ.

ಅಂದವನೇ ನಾಲಿಗೆ ಕಚ್ಚಿಕೊಂಡ. ಆದರೆ ಮಾತು ಹೊರಗೆ ಬಿದ್ದಾಗಿತ್ತು. ಅದರ ಬೆನ್ನಿಗೇ ಇನ್ನೊಂದೂ ಬಿತ್ತು, ತುಂಬಿದ ಕೊಡ ತುಳುಕಿದ ಹಾಗೆ. "ನೀನು ನಕ್ರೆ ಸಾಕು ಕಣೇ. ಹಡಗಿನವರು ಮುಂದಿನ ಸೀಸನ್ ಪೂರ್ತಿ ನನ್ನನ್ನೇ ಕರೆದಿದ್ದಾರೆ, ಈ ಐಟಂ ಇರ್ಲೇಬೇಕಂತೆ. ನಿನಗೆ ಹೇಗೆ ಹೇಳೋದು ಅಂತಲೇ ಗೊತ್ತಾಗ್ತಿರ್ಲಿಲ್ಲ..."

ಎದುರಿನ ಗಾಡಿ ದಡದಡ ಹೋಯಿತು. ನಾನು ಬೆಂಚಿನಿಂದ ಎದ್ದೆ.

"ಒಪ್ಕೊಂಡ್ಯಾ?" ಅಂದೆ.

ತಲೆ ತಗ್ಗಿಸಿದ. "ಹೂಂ."

"ನಾನು ಬೇಡವೇ ಬೇಡ ಅಂದಿದ್ರೆ?"

"ನಿನ್ನ ಸಮಾಧಾನ ಮಾಡ್ತೀನಿ ಅನ್ನೋ ಧೈರ್ಯ ಇತ್ತು."

ಕೋಪ ಬರಬೇಕಿತ್ತು, ಬರಲಿಲ್ಲ. ಇವನು ಕೆಟ್ಟವನಲ್ಲ, ಕೆಟ್ಟವನಾಗಿದ್ದರೆ ಬಿಟ್ಟು ಹೋಗುವುದು ಸುಲಭ. ನನ್ನ ಜೊತೆ ಅತ್ತದ್ದು ನಿಜ, ನೀರು ಹಾಕಿದ್ದು ನಿಜ. ಅಳುತ್ತಿರುವಾಗಲೇ ಮನಸ್ಸಿನ ಯಾವುದೋ ಮೂಲೆಯಲ್ಲಿ "ಇದು ಓಡುತ್ತೆ" ಅಂದುಕೊಂಡದ್ದೂ ನಿಜ. ಇನ್ನು ಮುಂದೆ ನಾನು ಬಾಯಿಬಿಟ್ಟು ಏನು ಹೇಳಿದರೂ ಅದು ಎಲ್ಲಿಗೆ ಹೋಗುತ್ತದೋ ಅಂತ ನೋಡುತ್ತಲೇ ಬದುಕಬೇಕು. ಗಂಡನ ಹೆಗಲ ಮೇಲೆ ತಲೆ ಇಟ್ಟು, ಪಕ್ಕದಲ್ಲಿ ಸಾವಿರ ಜನ ಕೂತಿದ್ದಾರೆ ಅಂದುಕೊಂಡು ಮಾತಾಡಬೇಕು.

"ಚೆನ್ನಾಗಿದೆ," ಅಂದೆ. "ಐಟಂ ನಿಜವಾಗ್ಲೂ ಚೆನ್ನಾಗಿದೆ ಕಣೋ. ಅಪ್ಪ ಇದ್ದಿದ್ರೆ ಅವ್ರೂ ನಗ್ತಿದ್ರು. ಆದ್ರೆ ಅವ್ರನ್ನ ಕೇಳ್ಬೇಕಿತ್ತು, ಇಲ್ಲಾ ನನ್ನನ್ನ ಕೇಳ್ಬೇಕಿತ್ತು."

ಗಾರ್ಡ್ ಸೀಟಿ ಊದಿದ. ಹತ್ತಿದೆವು.

ರೈಲು ಬೆಟ್ಟ ಇಳಿಯತೊಡಗಿತು. ಒಂದು ಜಲಪಾತ ಬಂತು, ಜನ ಎಲ್ಲಾ ಎದ್ದು ಫೋಟೋ ತೆಗೆದರು. ಹೆಡ್‌ಮಿಸ್ಟ್ರೆಸ್ "ಏನ್ರೀ ಚಟಾಕಿ, ಒಂದಾದ್ರೂ ಹಾರಿಸಿ" ಅಂದರು. "ಇವತ್ತು ರಜ ಮೇಡಂ," ಅಂದ, ನಗದೆ. ಅವರು ನನ್ನ ಕೆಂಪು ಕಣ್ಣು ನೋಡಿ, ಅವನ ಮುಖ ನೋಡಿ, ಬಿಸ್ಕತ್ತಿನ ಪೊಟ್ಟಣ ಬ್ಯಾಗಿನೊಳಗೆ ಇಟ್ಟುಕೊಂಡರು. ಸ್ವಲ್ಪ ಹೊತ್ತಿನ ಮೇಲೆ ನನ್ನ ಪಕ್ಕ ಬಂದು ಬಗ್ಗಿ, "ನಾನೇನಾದ್ರೂ ತಪ್ಪು ಮಾತಾಡ್ಬಿಟ್ನೇನಮ್ಮಾ?" ಅಂದರು.

"ಇಲ್ಲ ಮೇಡಂ. ನೀವು ನಿಜ ಹೇಳಿದ್ರಿ," ಅಂದೆ.

ಬೆಟ್ಟದ ಬುಡದ ಜಂಕ್ಷನ್ನಿನಲ್ಲಿ ಗಾಡಿ ಬದಲಾಯಿಸಬೇಕು. ನಮ್ಮ ಊರಿನ ಗಾಡಿ ಎರಡನೆಯ ಪ್ಲಾಟ್‌ಫಾರ್ಮು. ನಾನು ನನ್ನ ಸೂಟ್‌ಕೇಸು ಮಾತ್ರ ಎತ್ತಿಕೊಂಡು ಮೂರನೆಯದರ ಕಡೆ ತಿರುಗಿದೆ.

"ಆ ಕಡೆ ಅಲ್ಲ ಕಣೇ," ಅಂದ.

"ಚಿಕ್ಕಮ್ಮನ ಊರಿಗೆ ಹೋಗ್ತೀನಿ."

ಅವನಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಆಮೇಲೆ ಬಂದು ನನ್ನ ಕೈಯಿಂದ ಸೂಟ್‌ಕೇಸು ತೆಗೆದುಕೊಂಡ. ತಡೆಯಲಿಲ್ಲ, ಸುಮ್ಮನೆ ಹೊತ್ತುಕೊಂಡು ಬಂದ. ಮೇಲೆ ಹತ್ತಿಸಿ, ಸೀಟಿನ ಕೆಳಗೆ ತಳ್ಳಿ, ನೀರಿನ ಬಾಟಲು ತಂದುಕೊಟ್ಟು, ಕೆಳಗಿಳಿದು ಕಿಟಕಿಯ ಹತ್ತಿರ ನಿಂತ.

"ಹಡಗಿನವರಿಗೆ ಇವತ್ತೇ ಬೇಡ ಅಂತೀನಿ. ಆ ಐಟಂ ಇನ್ನು ಬಾಯಲ್ಲಿ ಬರಲ್ಲ."

"ನೀನು ಬಿಟ್ರೆ ನಾನು ವಾಪಸ್ ಬರ್ತೀನಿ ಅಂತ ಬಿಡ್ಬೇಡ. ಅದು ಇನ್ನೊಂದು ವ್ಯಾಪಾರ ಆಗತ್ತೆ."

"ಮತ್ತೆ ನಾನೇನು ಮಾಡ್ಲಿ?"

"ನನಗೂ ಗೊತ್ತಿಲ್ಲ ಕಣೋ. ಗೊತ್ತಿದ್ದಿದ್ರೆ ಇಲ್ಲೇ ಕೂತ್ಕೊಂಡು ಹೇಳ್ಕೊಡ್ತಿದ್ದೆ."

ಸಿಗ್ನಲ್ ಬಿತ್ತು. ಅವನು ಕಿಟಕಿಯ ಸರಳು ಹಿಡಿದುಕೊಂಡ.

"ಯಾವಾಗ ಬರ್ತೀಯ? ಅದೊಂದು ಹೇಳು."

"ನಿನಗೆ ಹೇಳಿದ್ರೆ ಊರಿಗೆಲ್ಲ ಹೇಳ್ತೀಯ."

ಮಾತು ಹಾಗೇ ಬಂತು, ಬೇಕಂತ ಹೇಳಿದ್ದಲ್ಲ. ಅಭ್ಯಾಸಬಲ ನೋಡಿ, ಅವನ ತುಟಿಯ ಕೊನೆ ಒಂದಿಷ್ಟು ಮೇಲಕ್ಕೆ ಹೋಯಿತು. ಅಲ್ಲೇ ನಡುಗಿ ಕೆಳಗಿಳಿಯಿತು. ಆಮೇಲೆ ಅವನು ಅತ್ತ. ಕೂಲಿಗಳು, ಟೀ ಮಾರುವವರು, ಅವನನ್ನು ಗುರುತು ಹಿಡಿದು ಮೊಬೈಲು ಎತ್ತಿದ ಇಬ್ಬರು ಹುಡುಗಿಯರು, ಇಷ್ಟೂ ಜನರ ನಡುವೆ ಯಾರ ಕಡೆಗೂ ನೋಡದೆ ಅತ್ತ. ಗಾಡಿ ಹೊರಟಿತು. ಸರಳು ಹಿಡಿದಿದ್ದ ಅವನ ಬೆರಳನ್ನು ನಾನು ಒಮ್ಮೆ ಗಟ್ಟಿಯಾಗಿ ಹಿಡಿದೆ, ಬಿಟ್ಟೆ.

ಮುಂದಿನ ಸ್ಟೇಷನ್ ಬರುವವರೆಗೂ ಅಳುತ್ತಲೇ ಇದ್ದೆ. ಪಕ್ಕದಲ್ಲಿ ಕೂತಿದ್ದ ಮುದುಕಿ, "ಯಾಕಮ್ಮಾ, ಗಂಡ ಪ್ರೀತಿ ಮಾಡಲ್ವಾ?" ಅಂತ ಕೇಳಿದಳು.

"ಮಾಡ್ತಾನೆ ಅಜ್ಜಿ," ಅಂದೆ. "ನಾನೂ ಮಾಡ್ತೀನಿ." ಮುಂದಿನದು ನಾಲಿಗೆಯ ತುದಿಗೆ ಬಂದಿತ್ತು. ಅದು ಎಲ್ಲಿಗೆ ಹೋಗುತ್ತದೋ ಅಂತ ನುಂಗಿಕೊಂಡೆ.